ಸಂಗೀತ ಶಾಲೆಯ ಅಡುಗೆಮನೆ: ಕೋಪನ್‌ಹೇಗನ್ನಿನಿಂದ ಗದಗಿಗೆ

ಧ್ವನಿ ಸರಿಯಾಗಿ ಕೇಳ್ತಾ ಉಂಟು ಅಂದುಕೊಳ್ಳುತ್ತೇನೆ. ನಾನು ನಾಯ್ಮಾರ್ಮೂಲೆಯ ಮನೆಯಿಂದಲೇ ಮಾತಾಡ್ತಿದ್ದೇನೆ. ಹೊರಗೆ ಹೆದ್ದಾರಿ ಕೆಲಸದ ಸದ್ದು ನಡುನಡುವೆ ಬಂದರೆ ದಯವಿಟ್ಟು ಸಹಿಸಿಕೊಳ್ಳಿ.

ಸಂಗೀತ ಕಲಿಸುವ ಸಂಸ್ಥೆಗಳ ಚರಿತ್ರೆ ಎಂಬ ಈ ಸರಣಿಯಲ್ಲಿ ನನ್ನ ಪಾಲಿಗೆ ಬಂದದ್ದು ಡೆನ್ಮಾರ್ಕಿನ ಸಂಗೀತ ಅಕಾಡೆಮಿ. ಅದರ ಇತಿಹಾಸ, ಅಲ್ಲಿನ ಸೌಲಭ್ಯಗಳು. ಅದನ್ನು ಓದುತ್ತಾ ಹೋದ ಹಾಗೆ ಸೌಲಭ್ಯ ಎಂಬ ಶಬ್ದವೇ ನನ್ನನ್ನು ತಡೆದು ನಿಲ್ಲಿಸಿತು. ಒಂದು ಸಂಗೀತ ಶಾಲೆಗೆ ಸೌಲಭ್ಯ ಅಂದರೆ ಎಂತ? ಸಭಾಂಗಣವಾ? ವಾದ್ಯಗಳಾ? ಅಥವಾ ಮಧ್ಯಾಹ್ನದ ಊಟವಾ? ಹಾಗಾಗಿ ನನ್ನ ಪ್ರಬಂಧ ಕೋಪನ್‌ಹೇಗನ್ನಿನಲ್ಲಿ ಶುರುವಾಗಿ ಗದಗಿಗೆ ಹೋಗಿ ನಿಲ್ಲುತ್ತದೆ. ನಡುವೆ ಇಟಲಿಯ ನೇಪಲ್ಸ್ ಕೂಡ ಒಮ್ಮೆ ಬಂದು ಹೋಗುತ್ತದೆ. ಗದಗಿನ ಬಗ್ಗೆಯೇ ಹೆಚ್ಚು ಹೇಳುವುದಕ್ಕಿದೆ, ಅದಕ್ಕೆ ಮೊದಲು ಡೆನ್ಮಾರ್ಕನ್ನು ಮುಗಿಸುತ್ತೇನೆ.

ಇವತ್ತು ರಾಯಲ್ ಡ್ಯಾನಿಶ್ ಅಕಾಡೆಮಿ ಆಫ್ ಮ್ಯೂಸಿಕ್ ಅಂತ ಕರೆಯುವ ಸಂಸ್ಥೆ 1867ರಲ್ಲಿ ಆರಂಭವಾಯಿತು. ಹಣ ಬಂದದ್ದು ಮೋಲ್ಡನ್‌ಹವರ್ ಎಂಬ ಆಭರಣ ವ್ಯಾಪಾರಿ ಬಿಟ್ಟುಹೋದ ಆಸ್ತಿಯಿಂದ. ಮುಂದೆ ನಿಂತವರಲ್ಲಿ ಮುಖ್ಯರಾದವರು ನೀಲ್ಸ್ ಗೇಡ್ ಎಂಬ ಸಂಯೋಜಕ. ಅವರ ತಂದೆ ವಾದ್ಯ ತಯಾರಿಸುವವರು. ಗೇಡ್ ಅವರ ಮೊದಲ ಸಿಂಫನಿಯನ್ನು ಸ್ವಂತ ಊರಿನಲ್ಲಿ ಯಾರೂ ನುಡಿಸಲಿಲ್ಲ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಮೆಂಡೆಲ್ಸನ್ 1843ರಲ್ಲಿ ನುಡಿಸಿದರು. ಅದೇ ವರ್ಷ ಮೆಂಡೆಲ್ಸನ್ ಲೈಪ್‌ಜಿಗ್‌ನಲ್ಲಿ ಒಂದು ಸಂಗೀತ ಶಾಲೆಯನ್ನೂ ತೆರೆದಿದ್ದರು. ಗೇಡ್ ಆ ಊರಿಗೆ ಹೋಗಿ ನೆಲೆನಿಂತು, ಮೆಂಡೆಲ್ಸನ್ ತೀರಿಕೊಂಡ ಮೇಲೆ ಅಲ್ಲಿನ ವಾದ್ಯವೃಂದದ ಮುಖ್ಯಸ್ಥರೂ ಆದರು. 1848ರಲ್ಲಿ ಡೆನ್ಮಾರ್ಕಿಗೂ ಪ್ರಷ್ಯಕ್ಕೂ ಯುದ್ಧ ಶುರುವಾದಾಗ ಊರಿಗೆ ಮರಳಿದರು. ಕೋಪನ್‌ಹೇಗನ್ನಿನ ಶಾಲೆ ಲೈಪ್‌ಜಿಗ್‌ನ ಮಾದರಿಯಲ್ಲಿ ಹುಟ್ಟಿದ್ದು ಹೀಗೆ. 1890ರಲ್ಲಿ ಸಾಯುವವರೆಗೂ ಗೇಡ್ ಅದನ್ನು ನಡೆಸಿದರು. 1902ರಲ್ಲಿ ಹೆಸರಿಗೆ ರಾಜಮನ್ನಣೆ ಸೇರಿತು, 1949ರಲ್ಲಿ ಸರಕಾರ ಅದನ್ನು ವಹಿಸಿಕೊಂಡಿತು.

ಈಗಿನ ಕಟ್ಟಡದ ಕಥೆ ಸ್ವಾರಸ್ಯದ್ದು. 2008ರಲ್ಲಿ ಸಂಸ್ಥೆ ಹಳೆಯ ರೇಡಿಯೊ ಭವನಕ್ಕೆ ಸ್ಥಳಾಂತರವಾಯಿತು. ಡ್ಯಾನಿಶ್ ಆಕಾಶವಾಣಿಗಾಗಿ ವಿಲ್‌ಹೆಲ್ಮ್ ಲಾರಿಟ್ಜೆನ್ ಎಂಬ ವಾಸ್ತುಶಿಲ್ಪಿ ಕಟ್ಟಿಸಿದ ಮನೆ ಅದು. ಅದರ ದೊಡ್ಡ ಸಂಗೀತ ಸಭಾಂಗಣ ತೆರೆದದ್ದು 1945ರಲ್ಲಿ. ಒಳಗೆಲ್ಲ ಮರದ ಹೊದಿಕೆ, ದೊಡ್ಡ ಆರ್ಗನ್ ವಾದ್ಯ, ಪಕ್ಕದಲ್ಲಿ ಧ್ವನಿಮುದ್ರಣದ ಕೋಣೆಗಳು. ಆಕಾಶವಾಣಿಯವರು ಹೊಸ ಜಾಗಕ್ಕೆ ಹೋದಾಗ, ಧ್ವನಿಗಾಗಿಯೇ ಕಟ್ಟಿದ ಮನೆ ಧ್ವನಿಯನ್ನೇ ಕಲಿಯುವ ಮಕ್ಕಳ ಪಾಲಿಗೆ ಬಂತು. ಇಂಥ ಕಟ್ಟಡವನ್ನು ಕೆಡವಿ ವ್ಯಾಪಾರ ಮಳಿಗೆ ಮಾಡದೆ ಉಳಿಸಿಕೊಂಡದ್ದನ್ನು ನೋಡಿದರೆ ಸ್ವಲ್ಪ ಹೊಟ್ಟೆಕಿಚ್ಚು ಆಗ್ತದೆ, ಸುಳ್ಳು ಯಾಕೆ ಹೇಳಲಿ.

ಆದರೆ ನನಗೆ ಇದಕ್ಕಿಂತ ಹೆಚ್ಚು ಮುಖ್ಯ ಅನ್ನಿಸಿದ್ದು ಅಲ್ಲಿ ಓದಿದ ಒಬ್ಬ ಹುಡುಗ. ಕಾರ್ಲ್ ನೀಲ್ಸನ್. ಡೆನ್ಮಾರ್ಕಿನ ಅತಿ ದೊಡ್ಡ ಸಂಯೋಜಕ ಅಂತ ಅಲ್ಲಿಯವರು ಹೇಳುವುದು ಇವರನ್ನೇ. 1865ರಲ್ಲಿ ಫೂನ್ ಎಂಬ ದ್ವೀಪದ ಹಳ್ಳಿಯಲ್ಲಿ ಹುಟ್ಟಿದವರು, 12 ಮಕ್ಕಳಲ್ಲಿ ಏಳನೆಯವರು. ತಂದೆ ಮನೆಗಳಿಗೆ ಬಣ್ಣ ಬಳಿಯುವವರು, ಮದುವೆಗಳಲ್ಲಿ ಪಿಟೀಲು ನುಡಿಸುತ್ತಿದ್ದರು. ಹುಡುಗ 14ನೇ ವಯಸ್ಸಿಗೆ ಸೈನ್ಯದ ಬ್ಯಾಂಡ್ ಸೇರಿದ. ಅಲ್ಲಿ ಊಟ, ಬಟ್ಟೆ, ಒಂದಿಷ್ಟು ಸಂಬಳ ಇತ್ತು. 1884ರಲ್ಲಿ ಕೋಪನ್‌ಹೇಗನ್ನಿನ ಶಾಲೆ ಸೇರಿದಾಗ ಆ ನೌಕರಿ ಬಿಡಬೇಕಾಯಿತು. ಊರಿನ ಹಿತೈಷಿಗಳು ಕೈಯಾಸರೆಯಾದರು. ನಿವೃತ್ತ ವ್ಯಾಪಾರಿಯೊಬ್ಬರ ಮನೆಯಲ್ಲಿ ವಾಸಕ್ಕೆ ಜಾಗ ಸಿಕ್ಕಿತು. ಶಾಲೆ ಕೊಟ್ಟದ್ದು ಪಿಟೀಲಿನ ಪಾಠ ಮತ್ತು ಸಂಗೀತ ಶಾಸ್ತ್ರ. ಆ ಪಾಠ ಕಲಿಯುವಷ್ಟು ದಿನ ಪಟ್ಟಣದಲ್ಲಿ ಬದುಕಿ ಉಳಿಯುವುದಕ್ಕೆ ಬೇಕಾದದ್ದು ಬೇರೆ ಕಡೆಯಿಂದ ಬರಬೇಕಾಯಿತು. ಅದೇ ಹುಡುಗ ಮುಂದೆ ಆ ಶಾಲೆಯ ನಿರ್ದೇಶಕನಾಗಿಯೇ 1931ರಲ್ಲಿ ತೀರಿಕೊಂಡ.

ಈಗ ನೇಪಲ್ಸಿಗೆ ಬರೋಣ. ಇಂಥ ಸಂಗೀತ ಶಾಲೆಗಳಿಗೆ ಯೂರೋಪಿನ ಹಲವು ಭಾಷೆಗಳಲ್ಲಿ ಕನ್ಸರ್ವೇಟರಿ ಎಂಬ ಹೆಸರುಂಟು. ಸಂಗೀತವನ್ನು ಸಂರಕ್ಷಿಸುವ ಜಾಗ, ಅದಕ್ಕೇ ಆ ಹೆಸರು ಅಂತ ಸಾಮಾನ್ಯವಾಗಿ ಭಾವಿಸುತ್ತೇವೆ. ಮೂಲದಲ್ಲಿ ಅಲ್ಲಿ ಸಂರಕ್ಷಿಸಿದ್ದು ಸಂಗೀತವನ್ನಲ್ಲ, ಮಕ್ಕಳನ್ನು. ಇಟಲಿಯ ನೇಪಲ್ಸ್ ಪಟ್ಟಣದಲ್ಲಿ 16ನೇ ಶತಮಾನದಲ್ಲಿ ಅನಾಥ ಮಕ್ಕಳನ್ನು ಇಟ್ಟು ಸಾಕುವ ನಾಲ್ಕು ಆಶ್ರಯಧಾಮಗಳು ಹುಟ್ಟಿಕೊಂಡವು. ಮೊದಲನೆಯದಾದ ಸಾಂತಾ ಮರಿಯಾ ದಿ ಲೊರೇತೊ 1537ರದ್ದು. ಬೀದಿಯಲ್ಲಿದ್ದ ಮಕ್ಕಳನ್ನು ಕರೆತಂದು, ಉಣ್ಣಿಸಿ, ಏನಾದರೂ ಕಸುಬು ಕಲಿಸಿ ಕಳಿಸುವುದು ಉದ್ದೇಶ. ಬರಬರುತ್ತಾ ಆ ಕಸುಬು ಸಂಗೀತವೇ ಆಯಿತು, ಯಾಕೆಂದರೆ ಚರ್ಚುಗಳಲ್ಲಿ, ಮೆರವಣಿಗೆಗಳಲ್ಲಿ, ಶವಯಾತ್ರೆಗಳಲ್ಲಿ ಹಾಡುವುದಕ್ಕೆ ಮಕ್ಕಳು ಬೇಕಿತ್ತು. ಹಾಡಿದ್ದಕ್ಕೆ ಬಂದ ಹಣ ಮತ್ತೆ ಅವರದೇ ಊಟಕ್ಕೆ. ಒಂದು ಧಾಮದ ಮಕ್ಕಳು ನೀಲಿ ಅಂಗಿ ತೊಡುತ್ತಿದ್ದರು, ಅಂಗಿಯ ಬಣ್ಣವೇ ಆ ಧಾಮದ ಹೆಸರಾಯಿತು. ವೆನಿಸ್‌ನಲ್ಲಿ ಹೆಣ್ಣುಮಕ್ಕಳಿಗೆ ಇಂಥದೇ ಧಾಮಗಳಿದ್ದವು. ವಿವಾಲ್ಡಿ 1703ರಲ್ಲಿ ಮೇಷ್ಟ್ರಾಗಿ ಸೇರಿದ್ದು ಅಂಥದೊಂದಕ್ಕೆ.

1795ರಲ್ಲಿ ಪ್ಯಾರಿಸ್‌ನಲ್ಲಿ ಕ್ರಾಂತಿಯ ಸರಕಾರ ಸಂಗೀತ ಶಾಲೆ ತೆರೆದಾಗ ಹಳೆಯ ಹೆಸರನ್ನು ಉಳಿಸಿಕೊಂಡಿತು, ಅಡುಗೆಮನೆಯನ್ನು ಬಿಟ್ಟಿತು. ಲೈಪ್‌ಜಿಗ್, ಕೋಪನ್‌ಹೇಗನ್ ಎಲ್ಲ ಆ ನಂತರದ ಸಾಲಿನವು. ಪಾಠ ಶಾಲೆಯದು, ಹೊಟ್ಟೆ ನಿಮ್ಮದು ಅಂತ.

ಹೆಸರಿಲ್ಲದಿದ್ದರೂ ಆ ಹಳೆಯ ಅರ್ಥದ ಸಂಗೀತ ಶಾಲೆ ಕನ್ನಡ ನೆಲದಲ್ಲಿ ಒಂದು ಹುಟ್ಟಿತು, ಇವತ್ತಿಗೂ ನಡೆಯುತ್ತಿದೆ. ಗದಗಿನ ವೀರೇಶ್ವರ ಪುಣ್ಯಾಶ್ರಮ. ಕರಾವಳಿಯ ನಮ್ಮಲ್ಲಿ ಹೆಚ್ಚಿನವರಿಗೆ ಅದು ಗೊತ್ತಿರುವುದು 1995ರ ಸಿನಿಮಾದಿಂದ. ಹಂಸಲೇಖ ಅವರಿಗೂ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಚಿತ್ರ ಅದು. ಸಿನಿಮಾ ಚೆನ್ನಾಗಿದೆ. ಆದರೆ ಚರಿತ್ರೆಯ ವಿದ್ಯಾರ್ಥಿಗಳು ಸಿನಿಮಾ ಮುಗಿದಲ್ಲಿಂದ ಶುರು ಮಾಡಬೇಕಾಗ್ತದೆ.

ಪಂಚಾಕ್ಷರ ಗವಾಯಿಗಳು 1892ರಲ್ಲಿ ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದರು. ಹುಟ್ಟುಹೆಸರು ಗದಿಗೆಯ್ಯ. ಅವರಿಗೂ ಕಣ್ಣಿಲ್ಲ, ಅಣ್ಣ ಗುರುಬಸಯ್ಯನವರಿಗೂ ಕಣ್ಣಿಲ್ಲ. ಆ ಕಾಲದಲ್ಲಿ ಬಡ ಮನೆಯ ಕುರುಡು ಮಕ್ಕಳಿಗೆ ಮುಂದಿದ್ದ ದಾರಿ ಎಂಥದ್ದು ಅಂತ ನಾನು ವಿವರಿಸಬೇಕಾಗಿಲ್ಲ. ಇವರ ಹಾಡು ಕೇಳಿ ಕರೆದುಕೊಂಡು ಹೋದವರು ಹಾನಗಲ್ ಕುಮಾರಸ್ವಾಮಿಗಳು. ಇವರು 1904ರಲ್ಲಿ ವೀರಶೈವ ಮಹಾಸಭೆಯನ್ನು, 1909ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದವರು. ಒಂದು ಕಾಕತಾಳೀಯ ಹೇಳಿಬಿಡ್ತೇನೆ: ಕುಮಾರಸ್ವಾಮಿಗಳು ಹುಟ್ಟಿದ್ದು 1867ರಲ್ಲಿ, ಕೋಪನ್‌ಹೇಗನ್ನಿನ ಶಾಲೆ ತೆರೆದ ವರ್ಷ. ಇದರಿಂದ ಏನೂ ಸಿದ್ಧವಾಗುವುದಿಲ್ಲ, ನೆನಪಿಟ್ಟುಕೊಳ್ಳಲು ಸುಲಭ ಅಷ್ಟೆ.

ಗದಿಗೆಯ್ಯನವರು ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತ ಕಲಿತರು. ಆಮೇಲೆ ಶಿವಯೋಗ ಮಂದಿರದಲ್ಲಿ ನೀಲಕಂಠಬುವಾ ಮಿರಜಕರ್ ಅವರಲ್ಲಿ ಹಿಂದುಸ್ತಾನಿ. ಎರಡೂ ಪದ್ಧತಿ ಕರಗತ, ಅದಕ್ಕೇ ಉಭಯಗಾನ ವಿಶಾರದ ಎಂಬ ಬಿರುದು. ಇಲ್ಲಿ ಒಂದು ಗುರುಪರಂಪರೆಯ ಕೊಂಡಿ ಉಂಟು, ಗಮನಿಸಿ. ನೀಲಕಂಠಬುವಾ ಅವರು ಬಾಲಕೃಷ್ಣಬುವಾ ಇಚಲಕರಂಜಿಕರ್ ಅವರ ಶಿಷ್ಯರು. ಅದೇ ಬಾಲಕೃಷ್ಣಬುವಾ ಅವರ ಇನ್ನೊಬ್ಬ ಶಿಷ್ಯ ವಿಷ್ಣು ದಿಗಂಬರ ಪಲುಸ್ಕರ್. ಪಲುಸ್ಕರರೂ ಹುಡುಗನಾಗಿದ್ದಾಗ ಪಟಾಕಿ ಸಿಡಿದು ದೃಷ್ಟಿಗೆ ಪೆಟ್ಟು ತಿಂದವರು, ಅದರಿಂದಲೇ ಸಂಗೀತಕ್ಕೆ ಬಂದವರು. 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ಸ್ಥಾಪಿಸಿದರು. ರಾಜರ ಕೃಪೆಯಿಲ್ಲದೆ ಸಾರ್ವಜನಿಕರ ಹಣದಿಂದ ಸಂಗೀತ ಶಾಲೆ ನಡೆಸಬಹುದು ಅಂತ ತೋರಿಸಿದವರು ಅವರು. ಬಡ ಹುಡುಗರನ್ನು ಜೊತೆಗೇ ಇಟ್ಟುಕೊಂಡು ವರ್ಷಗಟ್ಟಲೆ ಕಲಿಸಿದರು. ಮುಂದೆ ಬೊಂಬಾಯಿಗೆ ಬಂದು ಸಾಲ ಮಾಡಿ ದೊಡ್ಡ ಕಟ್ಟಡ ಎಬ್ಬಿಸಿದರು. ಅದು ಸಾಲಗಾರರ ಪಾಲಾಯಿತು. ಒಂದೇ ಗುರುಮನೆತನದ ಎರಡು ಕವಲು, ಇಬ್ಬರಿಗೂ ದೃಷ್ಟಿಯ ತೊಂದರೆ, ಇಬ್ಬರದೂ ಜನರ ಕಾಸಿನಿಂದ ನಡೆದ ಶಾಲೆ. ಒಬ್ಬರು ಕಟ್ಟಡ ಕಟ್ಟಿದರು. ಇನ್ನೊಬ್ಬರು ಬಹಳ ಕಾಲ ಕಟ್ಟಡದ ಗೋಜಿಗೇ ಹೋಗಲಿಲ್ಲ. ಈ ವ್ಯತ್ಯಾಸ ನನಗೆ ತುಂಬ ಮುಖ್ಯ ಅನ್ನಿಸ್ತದೆ.

ಆಶ್ರಮದ ಆರಂಭವನ್ನು 1914 ಅಂತ ಲೆಕ್ಕ ಹಾಕುತ್ತಾರೆ. ಆದರೆ ಆಗ ಅದು ಸಂಚಾರಿ ಪಾಠಶಾಲೆ. ಗವಾಯಿಗಳು, ಅವರ ಹಿಂದೆ ಒಂದಷ್ಟು ಅಂಧ, ಅನಾಥ, ಬಡ ಮಕ್ಕಳು, ಹಾರ್ಮೋನಿಯಂ, ತಬಲಾ, ಅಡುಗೆಯ ಪಾತ್ರೆಗಳು. ಊರಿಂದ ಊರಿಗೆ. ಯಾವ ಊರಿನಲ್ಲಿ ಭಕ್ತರು ಕರೆದರೋ ಅಲ್ಲಿ ಬೀಡು, ಅಲ್ಲೇ ಪಾಠ, ಸಂಜೆಗೆ ಹಾಡು ಅಥವಾ ಪುರಾಣ. ಊರವರು ಜೋಳ ಕೊಟ್ಟರೆ ರೊಟ್ಟಿ. ಕುಮಾರಸ್ವಾಮಿಗಳು 1930ರಲ್ಲಿ ಲಿಂಗೈಕ್ಯರಾದರು, ಆಸರೆ ತಪ್ಪಿತು. ಆಮೇಲೆ ಮಕ್ಕಳನ್ನು ಸಾಕುವುದಕ್ಕೆ ನಾಟಕ ಕಂಪನಿಯೇ ದಾರಿಯಾಯಿತು. ಶಿಷ್ಯರೇ ನಟರು, ಶಿಷ್ಯರೇ ಹಾಡುಗಾರರು. ಟಿಕೆಟ್ಟಿನ ಹಣ ಅಡುಗೆಮನೆಗೆ.

ನೇಪಲ್ಸಿನ ಮಕ್ಕಳು ಶವಯಾತ್ರೆಗೆ ಹಾಡಿ ಊಟ ಸಂಪಾದಿಸಿದ್ದು ನೆನಪಾಗ್ತದಲ್ಲ? ಗವಾಯಿಗಳಿಗೆ ನೇಪಲ್ಸಿನ ವಿಚಾರ ತಿಳಿಯುವ ಕಾರಣವೇ ಇರಲಿಲ್ಲ. ಕಣ್ಣಿಲ್ಲದ, ಮನೆಯಿಲ್ಲದ ಮಗುವಿಗೆ ಸಂಗೀತ ಕಲಿಸಬೇಕು ಅಂತ ಹೊರಟವರು ಯಾವ ದೇಶದಲ್ಲಿದ್ದರೂ ಇದೇ ಕಡೆಗೆ ಬರುತ್ತಾರೆ ಅಂತ ಕಾಣ್ತದೆ.

ಕಾಸರಗೋಡಿನವರಾದ ನಮಗೆ ಈ ಸಂಚಾರಿ ಶಾಲೆಯನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವೇ ಅಲ್ಲ. ನಮ್ಮಲ್ಲಿ ಯಕ್ಷಗಾನ ಮೇಳಗಳು ಮಾಡಿದ್ದೂ ಅದನ್ನೇ ಅಲ್ವಾ? ಹುಡುಗ ಮೇಳಕ್ಕೆ ಸೇರಿದರೆ ಮೊದಲು ಕೋಡಂಗಿ, ಬಾಲಗೋಪಾಲ, ಆಮೇಲೆ ಸ್ತ್ರೀವೇಷ, ಹೀಗೆ ಏರುತ್ತಾ ಹೋಗಬೇಕು. ತರಗತಿ ಅಂತ ಬೇರೆ ಇಲ್ಲ, ಚೌಕಿಯೇ ತರಗತಿ. ಆಟ ಆಡಿಸುವ ಮನೆಯಲ್ಲಿ ಊಟ. ಪತ್ತನಾಜೆಗೆ ತಿರುಗಾಟ ಮುಗಿದರೆ ಮಾತ್ರ ಮಳೆಗಾಲವಿಡೀ ಕೈ ಖಾಲಿ. ಊಟ ನಿಂತಾಗ ಪಾಠವೂ ನಿಲ್ಲುತ್ತಿತ್ತು. 1971ರಲ್ಲಿ ಉಡುಪಿಯಲ್ಲಿ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರ ಶುರುವಾದಾಗ ಅದು ವಸತಿಸಹಿತ ಗುರುಕುಲದ ರೂಪ ಪಡೆದದ್ದಕ್ಕೆ ಇದೂ ಒಂದು ಹಿನ್ನೆಲೆ ಅಂತ ನನ್ನ ಅಭಿಪ್ರಾಯ. ಮೇಳಕ್ಕೂ ಗವಾಯಿಗಳ ತಂಡಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಮೇಳ ಹುಡುಗನನ್ನು ತೆಗೆದುಕೊಳ್ಳುವುದು ವೇಷಕ್ಕೆ ಆಗುತ್ತಾನಾ ಅಂತ ನೋಡಿ. ಗವಾಯಿಗಳು ತೆಗೆದುಕೊಂಡದ್ದು ಅವನಿಗೆ ಬೇರೆ ಗತಿ ಇಲ್ಲ ಅಂತ ನೋಡಿ. ಸಂಗೀತ ಬರುತ್ತದೋ ಇಲ್ಲವೋ ಆಮೇಲಿನ ಮಾತು.

ಅಲೆದಾಟ ನಿಂತು ಗದಗಿನಲ್ಲಿ ಶಾಶ್ವತ ನೆಲೆ ಸಿಕ್ಕಿದ್ದು ಗವಾಯಿಗಳ ಕೊನೆಗಾಲದಲ್ಲಿ, ಊರಿನ ದಾನಿಗಳಿಂದ. 1944ರಲ್ಲಿ ಅವರು ತೀರಿಕೊಂಡರು. ಹೊಣೆ ಬಿದ್ದದ್ದು 30 ವರ್ಷದ ಪುಟ್ಟರಾಜ ಗವಾಯಿಗಳ ಮೇಲೆ. ಇವರೂ ಹಾನಗಲ್ ಸೀಮೆಯವರೇ, ಹುಟ್ಟಿದ್ದು 1914ರಲ್ಲಿ. ಕೂಸಾಗಿದ್ದಾಗಲೇ ಕಣ್ಣು ಹೋಯಿತು. ತಂದೆತಾಯಿ ಇಲ್ಲವಾದರು, ಸೋದರಮಾವ ಸಾಕಿದರು. ಮಾವನ ಮನೆಯ ಹಾರ್ಮೋನಿಯಂ ಮೇಲೆ ಹುಡುಗನ ಬೆರಳು ಓಡುವುದನ್ನು ಕಂಡು ಮಾವನೇ ಗವಾಯಿಗಳ ಹತ್ತಿರ ಬಿಟ್ಟು ಬಂದರು. ಆ ಹುಡುಗ ಹಾಡುಗಾರಿಕೆಯ ಜೊತೆಗೆ ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಅಂತ ಕೈಗೆ ಸಿಕ್ಕಿದ್ದನ್ನೆಲ್ಲ ಕಲಿತ. ನಾಟಕ ಬರೆದ, ಪುರಾಣ ಬರೆದ. 1944ರಿಂದ 2010ರವರೆಗೆ, 66 ವರ್ಷ ಆಶ್ರಮ ನಡೆಸಿದ. ಉತ್ತರ ಕರ್ನಾಟಕದವರು ಅಜ್ಜಾರು ಅಂತಲೇ ಕರೆಯುವುದು. ತೀರಿಕೊಂಡ ವರ್ಷವೇ ಪದ್ಮಭೂಷಣ ಬಂದಿತ್ತು.

ಈಗ ಸೌಲಭ್ಯಗಳು. ನಾನು ಗದಗಿಗೆ ಎರಡು ಸಲ ಹೋಗಿದ್ದೇನೆ. ನೋಡಲು ಅದು ಮಠದ ಹಾಗೆಯೇ ಇದೆ. ಇಬ್ಬರು ಗವಾಯಿಗಳ ಗದ್ದುಗೆ, ಬರುವ ಹೋಗುವ ಭಕ್ತರು, ದಾಸೋಹ. ಧ್ವನಿ ಹೊರಗೆ ಹೋಗದ ಅಭ್ಯಾಸದ ಕೋಣೆಗಳು ನನ್ನ ಕಣ್ಣಿಗೆ ಬೀಳಲಿಲ್ಲ. ಒಂದು ಮೂಲೆಯಲ್ಲಿ ಒಬ್ಬ ಭೂಪಾಲಿ ಹಾಡ್ತಾ ಇದ್ದರೆ ಹತ್ತು ಹೆಜ್ಜೆ ಆಚೆ ಇನ್ನೊಬ್ಬ ತಬಲಾದ ಬೋಲ್ ಹೇಳ್ತಾ ಇರುತ್ತಾನೆ, ಮೆಟ್ಟಿಲ ಮೇಲೆ ಮತ್ತೊಬ್ಬ ಹಾರ್ಮೋನಿಯಂ ಇಟ್ಟುಕೊಂಡು ಬೇರೆಯೇ ಶ್ರುತಿಯಲ್ಲಿ. ಮೊದಲಿಗೆ ನನಗೆ ಬರೀ ಗದ್ದಲ ಅನ್ನಿಸಿತು. ಆಮೇಲೆ ಗಮನಿಸಿದರೆ ಆ ಮಕ್ಕಳು ಒಬ್ಬರಿಗೊಬ್ಬರು ಅಡ್ಡಿಯಾಗುತ್ತಲೇ ಇರಲಿಲ್ಲ. ಸುತ್ತ ಎಷ್ಟೇ ಸ್ವರ ಇದ್ದರೂ ತನ್ನ ಷಡ್ಜ ಬಿಡದೆ ಇರುವುದನ್ನು ಅವರು ಅಲ್ಲಿಯೇ ಕಲಿಯುತ್ತಾರೆ. ಕೋಪನ್‌ಹೇಗನ್ನಿನ ಕಟ್ಟಡದಲ್ಲಿ ಇದನ್ನು ಕಲಿಸುವುದು ಕಷ್ಟ!

ತಮಾಷೆ ಬಿಟ್ಟು ಹೇಳ್ತೇನೆ. ಆಶ್ರಮದ ನಿಜವಾದ ಸೌಲಭ್ಯ ಮೂರು ಹೊತ್ತಿನ ಊಟ, ಮಲಗುವುದಕ್ಕೆ ಜಾಗ, ಮತ್ತೆ ಕಾಲದ ಮಿತಿ ಇಲ್ಲದಿರುವುದು. ಮೂರನೆಯದನ್ನು ನಾವು ಮರೆತುಬಿಡುತ್ತೇವೆ. ಸಂಗೀತ ನಿಧಾನದ ವಿದ್ಯೆ. ಮೂರು ವರ್ಷಕ್ಕೆ ಪದವಿ, ಹೊರಗೆ ಹೋಗು ಅಂದರೆ ಕೆಲವರಿಗೆ ಸಾಲುವುದಿಲ್ಲ. ಪಂಡಿತ ವೆಂಕಟೇಶ ಕುಮಾರ್ ಅವರನ್ನೇ ನೋಡಿ. 1953ರಲ್ಲಿ ಬಳ್ಳಾರಿ ಜಿಲ್ಲೆಯ ಲಕ್ಷ್ಮೀಪುರದಲ್ಲಿ ಹುಟ್ಟಿದವರು. ತಂದೆ ಜನಪದ ಹಾಡುಗಾರ, ಗೊಂಬೆಯಾಟದವರು. ಸೋದರಮಾವ ಬೆಳಗಲ್ಲು ವೀರಣ್ಣ ತೊಗಲುಗೊಂಬೆಯ ದೊಡ್ಡ ಕಲಾವಿದರು. ಅವರೇ ಹುಡುಗನನ್ನು ಆಶ್ರಮಕ್ಕೆ ತಂದು ಬಿಟ್ಟದ್ದು. ಹತ್ತು ವರ್ಷಕ್ಕೂ ಮೇಲೆ ಅಲ್ಲೇ ಇದ್ದು ಕಲಿತರು. ಆಮೇಲೆ ಧಾರವಾಡದ ಸಂಗೀತ ಕಾಲೇಜಿನಲ್ಲಿ ದಶಕಗಳ ಕಾಲ ಕಲಿಸಿದರು. 2016ರಲ್ಲಿ ಪದ್ಮಶ್ರೀ. ಹತ್ತು ವರ್ಷದ ಊಟದ ಖರ್ಚನ್ನು ಯಾವ ವಿದ್ಯಾರ್ಥಿವೇತನ ಕೊಡುತ್ತದೆ ಹೇಳಿ?

ಅವರಿಗಿಂತ ಹಿಂದಿನ ತಲೆಮಾರಿನಲ್ಲಿ ಬಸವರಾಜ ರಾಜಗುರು. ಯಲಿವಾಳದ ಹುಡುಗ, 13ಕ್ಕೆ ತಂದೆ ಹೋದರು, ನಾಟಕ ಕಂಪನಿಯ ಬದುಕು. ಪಂಚಾಕ್ಷರ ಗವಾಯಿಗಳು ಜೊತೆಗೆ ಸೇರಿಸಿಕೊಂಡರು. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸ್ಥಾಪನೆಯ 600ನೇ ವರ್ಷದ ಉತ್ಸವ ನಡೆದಾಗ ಈ ಹುಡುಗ ಹಾಡಿದ, ಗುರುಗಳೇ ತಬಲಾ ಹಿಡಿದು ಕೂತಿದ್ದರು. ಶಿಷ್ಯನ ಮೊದಲ ದೊಡ್ಡ ಕಚೇರಿಗೆ ಗುರುವೇ ಪಕ್ಕವಾದ್ಯ. ಇದನ್ನೂ ನಾನು ಸೌಲಭ್ಯದ ಪಟ್ಟಿಗೆ ಸೇರಿಸುತ್ತೇನೆ.

ಹೆಸರಾದವರ ಮಾತು ಬಿಡಿ. ಆಶ್ರಮದಲ್ಲಿ ಕಲಿತ ಹೆಚ್ಚಿನವರು ಹೆಸರಾದವರಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಶ್ರಾವಣ ಬಂತೆಂದರೆ ಗುಡಿ, ಮಠಗಳಲ್ಲಿ ತಿಂಗಳಿಡೀ ಪುರಾಣ ಪ್ರವಚನ. ಪ್ರವಚನಕ್ಕೆ ಒಬ್ಬ ಹಾಡುಗಾರ, ಒಬ್ಬ ತಬಲಾದವ ಬೇಕೇ ಬೇಕು. ಆ ಜೋಡಿಯಲ್ಲಿ ಗದಗಿನಲ್ಲಿ ಕಲಿತವರು ಮತ್ತೆ ಮತ್ತೆ ಸಿಗುತ್ತಾರೆ. ಶಾಲೆಗಳ ಸಂಗೀತ ಮೇಷ್ಟ್ರುಗಳಲ್ಲಿ, ಭಜನಾ ತಂಡಗಳಲ್ಲಿ, ನಾಟಕದ ಪೇಟಿ ಮಾಸ್ತರರಲ್ಲಿ ಕೂಡ. ಕಲಿಕೆಗೂ ಅನ್ನಕ್ಕೂ ನಡುವೆ ಒಂದು ದಾರಿ ಸಿದ್ಧವಾಗಿತ್ತು. ಜೋಳ ಕೊಟ್ಟ ಹಳ್ಳಿಗೇ ಹಾಡುಗಾರ ಮರಳಿ ಹೋಗುತ್ತಿದ್ದ. ಹಿಂದುಸ್ತಾನಿ ಸಂಗೀತ ಧಾರವಾಡ ಸೀಮೆಯಲ್ಲಿ ಬೇರುಬಿಟ್ಟದ್ದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣ ಮೈಸೂರು ದರ್ಬಾರಿಗೆ ಹೋಗುವ ಉಸ್ತಾದರು ದಾರಿಯಲ್ಲಿ ಇಲ್ಲಿ ತಂಗುತ್ತಿದ್ದರು ಎಂಬುದು. ಅದು ನಿಜ. ಆದರೆ ದೊಡ್ಡ ಗಾಯಕರು ಹುಟ್ಟಿದರೆ ಮಾತ್ರ ಸಾಲದು, ಅವರನ್ನು ಕೇಳುವ ಕಿವಿ ಹಳ್ಳಿಯಲ್ಲಿ ತಯಾರಾಗಬೇಕು. ಆ ಕೆಲಸ ಮಾಡಿದ್ದು ಈ ಶ್ರಾವಣದ ಹಾಡುಗಾರರು ಅಂತ ನಾನು ವಾದಿಸುತ್ತೇನೆ.

ಇನ್ನೊಂದು ಬದಿಯನ್ನೂ ನೋಡಬೇಕು. ಅದೇ ಗದಗಿನ ಇನ್ನೊಬ್ಬ ಹುಡುಗ, ಭೀಮಸೇನ ಜೋಶಿ, 1933ರಲ್ಲಿ ಗುರುವನ್ನು ಹುಡುಕಿ ಮನೆ ಬಿಟ್ಟು ರೈಲು ಹತ್ತಿದ. ಟಿಕೆಟ್ಟಿಗೆ ದುಡ್ಡಿಲ್ಲದೆ ಹಾಡುತ್ತಾ ಹೋದ. ಗ್ವಾಲಿಯರ್, ಜಲಂಧರ ಎಲ್ಲ ಸುತ್ತಿ ಕೊನೆಗೆ ಪಕ್ಕದ ಕುಂದಗೋಳದಲ್ಲೇ ಸವಾಯಿ ಗಂಧರ್ವರ ಮನೆ ಸೇರಿದ. ಅಲ್ಲಿ ನೀರು ಹೊತ್ತು, ಮನೆಗೆಲಸ ಮಾಡಿ ಕಲಿತದ್ದು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಅದೇ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಕಲಿತರು. ಗುರುಕುಲದ ಬಗ್ಗೆ ನಾವು ಭಾವುಕರಾಗಿ ಮಾತಾಡುವಾಗ ಅದರ ಬೆಲೆ ಯಾರು ಕೊಟ್ಟರು ಅಂತ ಕೇಳಬೇಕು. ಭೀಮಸೇನರು ಮೈಯಿಂದ ಕೊಟ್ಟರು. ನೀರು ಹೊರಲಾರದ ಕುರುಡು ಹುಡುಗ ಏನನ್ನು ಕೊಡಬೇಕಿತ್ತು? ಆಶ್ರಮ ಆ ಬೆಲೆಯನ್ನು ಹುಡುಗನಿಂದ ಕೇಳದೆ ಊರಿನಿಂದ ಕೇಳಿತು. ಪುಟ್ಟರಾಜ ಗವಾಯಿಗಳಿಗೆ ಭಕ್ತರು ಊರೂರಿನಲ್ಲಿ ತುಲಾಭಾರ ಮಾಡುತ್ತಿದ್ದರಲ್ಲ, ನಾಣ್ಯ ತೂಗಿ ಕೊಡುವುದು, ಅದೆಲ್ಲ ಹೋಗುತ್ತಿದ್ದದ್ದು ಮಕ್ಕಳ ಊಟಕ್ಕೆ. ಹೊರಗಿನವರಿಗೆ ಅದು ವ್ಯಕ್ತಿಪೂಜೆಯ ಹಾಗೆ ಕಾಣಬಹುದು. ಲೆಕ್ಕದ ಪುಸ್ತಕದ ದೃಷ್ಟಿಯಿಂದ ನೋಡಿದರೆ ಅದು ಹಳ್ಳಿಗಳು ಕಟ್ಟಿದ ಸಂಗೀತ ಶಾಲೆಯ ಶುಲ್ಕ.

ಇಲ್ಲಿ ನನ್ನದೊಂದು ತಕರಾರು ಉಂಟು, ಅದು ಆಶ್ರಮದ ಮೇಲಲ್ಲ, ಬರೆದವರ ಮೇಲೆ. ಗವಾಯಿಗಳ ಬಗ್ಗೆ ಬಂದ ಬರಹಗಳಲ್ಲಿ ನಾನು ಓದಿದ ಬಹುಪಾಲು ಭಕ್ತಿಯ ಚರಿತ್ರೆ. ಪವಾಡಗಳಿವೆ, ಬಿರುದುಗಳಿವೆ. ರೊಟ್ಟಿ ತಟ್ಟಿದವರು ಯಾರು, ಬರಗಾಲದ ವರ್ಷ ಎಷ್ಟು ಮಕ್ಕಳನ್ನು ಹೇಗೆ ಸಾಕಿದರು, ಒಂದು ತಬಲಾಕ್ಕೆ ಚರ್ಮ ಹೊದಿಸಲು ಏನು ಕೊಟ್ಟರು, ಇಂಥದ್ದಕ್ಕೆ ಜಾಗ ಕಡಿಮೆ. ಕೋಪನ್‌ಹೇಗನ್ನಿನಲ್ಲಿ ಹಣ ಯಾವ ವ್ಯಾಪಾರಿಯ ಆಸ್ತಿಯಿಂದ ಬಂತು ಅಂತ ಸಂಸ್ಥೆಯ ಚರಿತ್ರೆಯ ಮೊದಲಲ್ಲೇ ಸಿಗ್ತದೆ. ನಮ್ಮಲ್ಲಿ ಗುರುವಿನ ಮಹಿಮೆ ಹೇಳುವ ಭರದಲ್ಲಿ ಜೋಳದ ಚೀಲ ಹೊತ್ತು ತಂದವನು ಕಾಣೆಯಾಗುತ್ತಾನೆ. ಗುರುವಿನ ದೊಡ್ಡತನಕ್ಕೆ ಅವನೂ ಸಾಕ್ಷಿಯೇ. ಹಿರಿಯ ಶಿಷ್ಯರು ಇರುವಾಗಲೇ ಅವರ ಬಾಯಿಂದ ಅಡುಗೆಮನೆಯ ಕಥೆಗಳನ್ನು ದಾಖಲಿಸಿಕೊಳ್ಳಬೇಕು ಅಂತ ನನ್ನ ಕೋರಿಕೆ. ನಮ್ಮ ವಿಭಾಗದಿಂದ ಇಬ್ಬರು ಮೂವರು ಹೊರಟರೂ ಆದೀತು.

ಡೆನ್ಮಾರ್ಕಿಗೆ ಅನ್ಯಾಯ ಮಾಡಬಾರದು. ಅಲ್ಲಿಯವರು ಅಡುಗೆಮನೆಯನ್ನು ಮರೆತೇಬಿಟ್ಟರು ಅಂತಲ್ಲ, ಅದನ್ನು ಬೇರೆ ಕಡೆ ಇಟ್ಟರು. ಈಗ ಡ್ಯಾನಿಶ್ ವಿದ್ಯಾರ್ಥಿಗೆ ಉನ್ನತ ಶಿಕ್ಷಣದಲ್ಲಿ ಶುಲ್ಕವಿಲ್ಲ. ಅದರ ಮೇಲೆ ಸರಕಾರ ಪ್ರತಿ ತಿಂಗಳು ಜೀವನಕ್ಕೆ ಹಣ ಕೊಡುತ್ತದೆ, ಸಾಲವಾಗಿ ಅಲ್ಲ. ಸಂಗೀತ ಓದುವವನಿಗೂ ಅದು ಸಿಗುತ್ತದೆ. ಕಾರ್ಲ್ ನೀಲ್ಸನ್ ಯಾರದೋ ಮನೆಯಲ್ಲಿ ಉಳಿಯಬೇಕಾದದ್ದು ಇವತ್ತಿನ ಹುಡುಗನಿಗೆ ಬೇಕಾಗಿಲ್ಲ. ಅಲ್ಲಿ ದಾಸೋಹ ತೆರಿಗೆಯಿಂದ ನಡೆಯುತ್ತದೆ ಅನ್ನಿ. ಗದಗಿನಲ್ಲಿ ಅದು ಭಕ್ತಿಯಿಂದ ನಡೆದಿದೆ. ಎರಡಕ್ಕೂ ಅದರದರ ಅಪಾಯ ಉಂಟು. ಸರಕಾರ ಬದಲಾದರೆ ತೆರಿಗೆಯ ಹಣ ಕಡಿಮೆಯಾಗಬಹುದು, ಅಜ್ಜಾರು ಹೋದ ಮೇಲೆ ಭಕ್ತಿ ಕಡಿಮೆಯಾಗಬಹುದು. ಎರಡೂ ಇಲ್ಲದ ಕಡೆ ಏನಾಗುತ್ತದೆ ಎಂಬುದು ನನಗೆ ಹತ್ತಿರದಿಂದ ಗೊತ್ತು.

ನನ್ನ ಜೊತೆ ಹೈಸ್ಕೂಲಿನಲ್ಲಿ ಒಬ್ಬ ಇದ್ದ, ನಾಯ್ಮಾರ್ಮೂಲೆಯವನೇ. ಮಾಪಿಳ್ಳೆಪಾಟ್ಟು ಹಾಡ್ತಿದ್ದ, ಕನ್ನಡ ಭಾವಗೀತೆಯನ್ನೂ ಅಷ್ಟೇ ಚೆನ್ನಾಗಿ ಹಾಡ್ತಿದ್ದ. ಕಲೋತ್ಸವದಲ್ಲಿ ಎ ಗ್ರೇಡ್. ಪ್ಲಸ್ ಟು ಆದ ಮೇಲೆ ಸಂಗೀತ ಓದಬೇಕೆಂದು ಅವನ ಆಸೆ. ಸರಕಾರಿ ಸಂಗೀತ ಕಾಲೇಜು ಅಂತ ಅವನ ಮುಂದಿದ್ದದ್ದು ಪಾಲಕ್ಕಾಡಿನ ಚೆಂಬೈ ಸ್ಮಾರಕ ಕಾಲೇಜು, ತಿರುವನಂತಪುರದಲ್ಲಿ 1939ರಿಂದ ಇರುವ ಸ್ವಾತಿ ತಿರುನಾಳ್ ಕಾಲೇಜು. ಶುಲ್ಕ ದೊಡ್ಡದೇನಲ್ಲ. ಆದರೆ ಅಲ್ಲಿ ಮೂರು ವರ್ಷ ಕೋಣೆ ಬಾಡಿಗೆ, ಊಟ, ಜೊತೆಗೆ ಮನೆಯಲ್ಲಿ ಅವನ ಸಂಪಾದನೆಗೆ ಕಾದಿದ್ದ ನಾಲ್ಕು ಜನ. ಈಗ ಅವನು ಮೊಬೈಲ್ ಅಂಗಡಿಯಲ್ಲಿದ್ದಾನೆ, ಮುಂದಿನ ವರ್ಷ ಗಲ್ಫಿಗೆ. ಮದುವೆ ಮನೆಯಲ್ಲಿ ಕೇಳಿದರೆ ಇವತ್ತಿಗೂ ಹಾಡ್ತಾನೆ. ಅವನಿಗೆ ಪ್ರತಿಭೆ ಸಾಲಲಿಲ್ಲ ಅಂತ ಯಾರೂ ಹೇಳಲಾರರು. ಕಾಲೇಜೂ ಇತ್ತು. ಇಲ್ಲದೇ ಹೋದದ್ದು ಅಡುಗೆಮನೆ.

ನಮ್ಮ ಮನೆಯಿಂದ ಒಂದು ಬಸ್ ಸ್ಟಾಪ್ ಆಚೆ, ವಿದ್ಯಾನಗರದಲ್ಲಿ, ಸರಕಾರಿ ಅಂಧ ವಿದ್ಯಾಲಯ ಉಂಟು. ಬಿಳಿ ಕೋಲು ಹಿಡಿದು ರಸ್ತೆ ದಾಟುವ ಮಕ್ಕಳನ್ನು ನಾವೆಲ್ಲ ನೋಡಿದ್ದೇವೆ. ಗದಗಿನ ಬಗ್ಗೆ ಓದುವಾಗೆಲ್ಲ ನನಗೆ ಆ ರಸ್ತೆಯೇ ಕಣ್ಣ ಮುಂದೆ ಬರ್ತಿತ್ತು.

ಪ್ರಬಂಧ ಇಲ್ಲಿಗೆ. ಚಾಟ್‌ನಲ್ಲಿ ಎರಡು ಪ್ರಶ್ನೆ ಬಂದಿವೆ, ಸಮಯ ಇದೆಯಾ ಸರ್? ಆಯಿತು.

ಮೊದಲನೆಯದು, ಆಶ್ರಮ ಒಂದು ಮತದ ಚೌಕಟ್ಟಿನೊಳಗೆ ಹುಟ್ಟಿದ್ದಲ್ವಾ, ಅದನ್ನು ಸಾರ್ವಜನಿಕ ಸಂಗೀತ ಶಾಲೆ ಅಂತ ಹೇಗೆ ಕರೆಯುತ್ತೀರಿ ಅಂತ. ಒಳ್ಳೆಯ ಪ್ರಶ್ನೆ. ವೀರಶೈವ ಮಠಪರಂಪರೆಯ ಆಸರೆಯಲ್ಲಿ ಹುಟ್ಟಿದ್ದು ನಿಜ. ನೇಪಲ್ಸಿನವು ಕೂಡ ಕ್ಯಾಥೊಲಿಕ್ ಧಾಮಗಳೇ. ಒಬ್ಬ ಕುರುಡು ಮಗುವನ್ನು ವರ್ಷಗಟ್ಟಲೆ ಸಾಕುವ ಹೊಣೆ ಹೊರಲು ಆ ಕಾಲದಲ್ಲಿ ಸರಕಾರ ಮುಂದೆ ಬರಲಿಲ್ಲ, ಮಠ ಬಂತು. ಸಾರ್ವಜನಿಕ ಅಂತ ನಾನು ಕರೆದದ್ದು ಅಡುಗೆಮನೆಗೆ ಎಲ್ಲಿಂದ ಬಂತು ಎಂಬುದನ್ನು ನೋಡಿ. ನಾಟಕದ ಟಿಕೆಟ್ ಕೊಳ್ಳುವವನ ಜಾತಿ ಯಾರೂ ಕೇಳುವುದಿಲ್ಲ.

ಎರಡನೆಯದು, ಕಣ್ಣು ಕಾಣದವರು ಸ್ವರಲಿಪಿ ಇಲ್ಲದೆ ಹೇಗೆ ಕಲಿಯುತ್ತಾರೆ ಅಂತ. ನಮ್ಮ ಸಂಗೀತ ಹೆಚ್ಚಾಗಿ ಕಿವಿಯಿಂದ ಕಿವಿಗೆ ಹೋಗುವುದು, ಆ ಮಟ್ಟಿಗೆ ಕಣ್ಣಿದ್ದವನಿಗೂ ಇಲ್ಲದವನಿಗೂ ಪಾಠ ಒಂದೇ. ಯೂರೋಪಿನಲ್ಲಿ ಹಾಗಲ್ಲ, ಅಲ್ಲಿ ಬರಹ ಓದದೆ ವಾದ್ಯವೃಂದದಲ್ಲಿ ಕೂರುವುದು ಕಷ್ಟ. ಅದಕ್ಕೆ ಪರಿಹಾರ ಕಂಡುಕೊಂಡವರೂ ಒಬ್ಬ ಕುರುಡು ಸಂಗೀತಗಾರರೇ. ಲೂಯಿ ಬ್ರೈಲ್ ಪ್ಯಾರಿಸ್‌ನ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವರು. 1829ರಲ್ಲಿ ಅವರು ತಮ್ಮ ಚುಕ್ಕಿ ಲಿಪಿಯನ್ನು ಪ್ರಕಟಿಸಿದಾಗ ಅಕ್ಷರಗಳ ಜೊತೆಗೇ ಸಂಗೀತ ಬರೆಯುವ ಕ್ರಮವನ್ನೂ ಕೊಟ್ಟಿದ್ದರು. ನಾವು ಬ್ರೈಲ್ ಅಂದರೆ ಬರೀ ಅಕ್ಷರ ಅಂದುಕೊಳ್ಳುತ್ತೇವೆ. ಪ್ಯಾರಿಸ್‌ನ ಅಂಧ ಮಕ್ಕಳ ಶಾಲೆಯಿಂದ ಆರ್ಗನ್ ವಾದಕರು, ಪಿಯಾನೊ ಶ್ರುತಿ ಮಾಡುವವರು ಬಹಳ ಜನ ಹೊರಬಂದರು. ಭಾರತದ ಭಾಷೆಗಳಿಗೆ ಒಂದೇ ರೀತಿಯ ಭಾರತಿ ಬ್ರೈಲ್ ನಿಂತದ್ದು 1951ರಲ್ಲಿ. ಅಷ್ಟು ಹೊತ್ತಿಗೆ ಪುಟ್ಟರಾಜ ಗವಾಯಿಗಳು ಆಶ್ರಮ ವಹಿಸಿಕೊಂಡು ಏಳು ವರ್ಷ ಕಳೆದಿತ್ತು.

ಗದಗಿಗೆ ಹೋಗುವುದು ಹೇಗೆ ಅಂತ ಯಾರೋ ಈಗಷ್ಟೇ ಕೇಳಿದ್ದಾರೆ. ಮಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಹುಬ್ಬಳ್ಳಿ, ಅಲ್ಲಿಂದ ಬೆಳಿಗ್ಗೆ ರೈಲು ಅಥವಾ ಬಸ್ಸು. ಶ್ರಾವಣದಲ್ಲಿ ಹೋದರೆ ಸುತ್ತಲಿನ ಹಳ್ಳಿಗಳ ಪುರಾಣವನ್ನೂ ಕೇಳಿ ಬರಬಹುದು. ಊಟದ ಚಿಂತೆ ಮಾಡಬೇಡಿ. ಮುಂದಿನ ಪ್ರಬಂಧ ಮಂಡಿಸುವವರಿಗೆ ಸ್ಕ್ರೀನ್ ಬಿಟ್ಟುಕೊಡ್ತೇನೆ.